ಕಿವಿಡಾಕ್ಟರರ ಹೊಟ್ಟೆಕಿಚ್ಚು

ನಮ್ಮ ಬೀದಿಯಲ್ಲಿ ಇಬ್ಬರು ಡಾಕ್ಟರಿದ್ದಾರೆ. ಒಬ್ಬರು ಮೂಲೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಹಲ್ಲು ಕೀಳುತ್ತಾರೆ. ಇನ್ನೊಬ್ಬರು ಅದೇ ಕಟ್ಟಡದ ಮೆಟ್ಟಿಲ ಕೆಳಗೆ, ಯಾರೇ ಆದರೂ ತಲೆ ಬಗ್ಗಿಸಿಕೊಂಡೇ ಒಳಗೆ ಹೋಗಬೇಕಾದ ಗೂಡಿನಲ್ಲಿ, ಸ್ಪೀಕರ್ ರಿಪೇರಿ ಮಾಡುತ್ತಾರೆ. ಎರಡನೆಯವರು ನನ್ನ ಅಕ್ಕನ ಗಂಡ. ಅವರಿಗೆ ಕಿವಿಡಾಕ್ಟರು ಎಂದು ಹೆಸರಿಟ್ಟವನು ಎದುರಿನ ಪೇಪರ್ ಅಂಗಡಿಯವನು. ಹೆಸರು ಎಷ್ಟು ಅಂಟಿಕೊಂಡಿತೆಂದರೆ, ಒಂದಿಬ್ಬರು ನಿಜವಾಗಿಯೇ ಕಿವಿಗೆ ಹತ್ತಿ ತುರುಕಿಕೊಂಡು ಬಂದು ಬೆಂಚಿನ ಮೇಲೆ ಕುಳಿತದ್ದುಂಟು. ಭಾವ ನಗದೆ ಅವರನ್ನು ವಿಚಾರಿಸಿ, ನಿಜವಾದ ಡಾಕ್ಟರ ವಿಳಾಸ ಬರೆದುಕೊಟ್ಟು ಕಳಿಸಿದ್ದಾರೆ.

ನನ್ನ ಹೊಲಿಗೆ ಅಂಗಡಿ ಅವರ ಗೂಡಿಗೆ ಅಂಟಿಕೊಂಡೇ ಇದೆ. ನಡುವೆ ಇರುವುದು ಹಲಗೆಯ ಗೋಡೆ. ಹದಿನೆಂಟು ವರ್ಷದಿಂದ ಅವರ ಅಂಗಡಿಯ ಮಾತೆಲ್ಲ ನನ್ನ ಕಿವಿಗೆ, ನನ್ನ ಮಿಷನ್ನಿನ ಸದ್ದೆಲ್ಲ ಅವರ ಕಿವಿಗೆ. "ಸೂಜಿ ಮೊಂಡಾಗಿದೆ, ಬದಲಾಯಿಸು" ಎಂದು ಆ ಕಡೆಯಿಂದಲೇ ಕೂಗುತ್ತಾರೆ. ತೆಗೆದು ನೋಡಿದರೆ ಮೊಂಡಾಗಿಯೇ ಇರುತ್ತದೆ. ಅವರ ಕಥೆ ಹೇಳಲು ನನಗಿಂತ ಹತ್ತಿರದ ಸಾಕ್ಷಿ ಸಿಗುವುದು ಕಷ್ಟ. ಅಕ್ಕ ಇದ್ದಾಳೆ ನಿಜ. ಆದರೆ ಅವಳು ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನವಳು, ತೂಗಿ ನೋಡದೆ ಒಂದು ಮಾತೂ ಆಡುವವಳಲ್ಲ.

ಭಾವನ ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದರಂತೆ. ಮಗನನ್ನು ಕಣ್ಣು ಮುಚ್ಚಿಸಿ ಕೂರಿಸಿ, ಗೋಡೆಯ ಹತ್ತು ಗಡಿಯಾರಗಳಲ್ಲಿ ಯಾವುದು ಕುಂಟುತ್ತಿದೆ ಹೇಳು ಎನ್ನುತ್ತಿದ್ದರಂತೆ. ಇಪ್ಪತ್ತನೇ ವಯಸ್ಸಿಗೆ ಭಾವ ಒಂದು ಸಿನಿಮಾ ಟಾಕೀಸಿಗೆ ಕೆಲಸಕ್ಕೆ ಸೇರಿದರು. ಬೆಳ್ಳಿತೆರೆಯ ಹಿಂದೆ ಆಳೆತ್ತರದ ಸ್ಪೀಕರುಗಳು, ಅವುಗಳ ಪಕ್ಕ ಒಂದು ಸ್ಟೂಲು, ಸ್ಟೂಲಿನ ಮೇಲೆ ಭಾವ. ಹನ್ನೊಂದು ವರ್ಷ ಅವರು ಸಿನಿಮಾ ನೋಡಿದ್ದೆಲ್ಲ ತೆರೆಯ ಹಿಂಭಾಗದಿಂದ, ಎಡಬಲ ತಿರುಗಿಸಿಕೊಂಡು. "ನಾನು ನೋಡಿದ ಹೀರೋಗಳೆಲ್ಲ ಎಡಚರು" ಎಂದು ಈಗಲೂ ಹೇಳುತ್ತಾರೆ. ಟಾಕೀಸು ಮುಚ್ಚಿದಾಗ ಎರಡು ಸ್ಪೀಕರುಗಳನ್ನು ಕೈಗಾಡಿಯಲ್ಲಿ ಹಾಕಿಕೊಂಡು ಬಂದು ಮೆಟ್ಟಿಲ ಕೆಳಗೆ ಅಂಗಡಿ ಇಟ್ಟರು.

ಅವರ ಕೆಲಸವನ್ನು ಒಂದು ಗಂಟೆ ಕೂತು ನೋಡಬೇಕು. ಸ್ಪೀಕರಿನೊಳಗೆ ಅದುರಿ ಸದ್ದು ಹೊರಡಿಸುವ ಕಾಗದದ ಕೋನು ಹರಿದಿದ್ದರೆ ಅದಕ್ಕೆ ತೆಳ್ಳನೆಯ ಟಿಶ್ಯೂ ಕಾಗದದ ಚೂರು, ಅದರ ಮೇಲೆ ನೀರು ಬೆರೆಸಿದ ಅಂಟು, ಕುಂಚದ ಬದಲು ಬೆರಳ ತುದಿ. ಮುಂಭಾಗಕ್ಕೆ ಹಾಕುವ ಬಟ್ಟೆ ನನ್ನ ಪಾಲಿನ ಕೆಲಸ. ಬಟ್ಟೆ ಬಂದ ಕೂಡಲೇ ಬೆಂಕಿಕಡ್ಡಿ ಗೀರಿ, ಬಟ್ಟೆಯ ಈ ಕಡೆಯಿಂದ ಊದಿ ಆ ಕಡೆಯ ಕಡ್ಡಿ ಆರಿಸುತ್ತಾರೆ. ಆರಿದರೆ ಸರಿ, ಸದ್ದು ಹಾಯುತ್ತದೆ. ಆರದಿದ್ದರೆ "ಇದ್ರಲ್ಲಿ ಪ್ಯಾಂಟ್ ಹೊಲಿ" ಎಂದು ವಾಪಸು ಎಸೆಯುತ್ತಾರೆ.

ಎಲ್ಲಕ್ಕಿಂತ ಕೊನೆಯದು ಬ್ಯಾಟರಿ ಪರೀಕ್ಷೆ. ಟಾರ್ಚಿನ ಸಣ್ಣ ಸೆಲ್ಲೊಂದು ಸದಾ ಅವರ ಅಂಗಿಯ ಜೇಬಿನಲ್ಲಿರುತ್ತದೆ. ಅದನ್ನು ಸ್ಪೀಕರಿನ ತಂತಿಗಳಿಗೆ ಮುಟ್ಟಿಸಿದರೆ ಕೋನು ಟಪ್ಪೆಂದು ಮುಂದೆ ಬರಬೇಕು. ಹಿಂದೆ ಹೋದರೆ ಪ್ಲಸ್ಸು ಮೈನಸ್ಸು ತಿರುವುಮುರುವಾಗಿದೆ ಎಂದರ್ಥ. ಎರಡು ಸ್ಪೀಕರುಗಳಲ್ಲಿ ಒಂದರ ತಂತಿ ಹೀಗೆ ತಿರುವುಮುರುವಾದರೆ, ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಸದ್ದೇನೋ ಬರುತ್ತದೆ, ಆದರೆ ಹಾಡುವವರು ಎರಡರ ನಡುವೆ ನಿಂತ ಹಾಗೆ ಕೇಳಿಸುವುದಿಲ್ಲ; ದನಿ ಕೋಣೆಯಲ್ಲೆಲ್ಲ ಚೆಲ್ಲಿಹೋಗಿರುತ್ತದೆ. ಈ ಪಾಠ ನನಗೆ ಹದಿನೆಂಟು ವರ್ಷದಲ್ಲಿ ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ. ಬಟ್ಟೆ ಹೊಲಿಯುವ ನನಗೂ ಅದು ಬಾಯಿಪಾಠ.

ಇಷ್ಟು ಒಳ್ಳೆಯ ಮನುಷ್ಯನಿಗೆ ಒಂದು ಚಟವಿತ್ತು. ದುಬಾರಿ ಆಡಿಯೋ ಸಾಮಾನಿನ ಹೆಸರೆತ್ತಿದರೆ ಸಾಕು, ಬಾಯಿಗೆ ಬ್ರೇಕೇ ಇರುತ್ತಿರಲಿಲ್ಲ. ತೋಟಕ್ಕೆ ನೀರು ಬಿಡುವ ಪೈಪಿನಷ್ಟು ದಪ್ಪದ ತಂತಿ, ಆಂಪ್ಲಿಫೈಯರಿನ ತಲೆ ಮೇಲೆ ಇಡುವ ಕರಿಕಲ್ಲು, ತಂತಿ ನೆಲಕ್ಕೆ ತಾಗದಂತೆ ಎತ್ತಿ ಹಿಡಿಯುವ ಪುಟ್ಟ ಮರದ ಮಣೆಗಳು. "ತಂತಿಗೆ ಮಣೆ ಹಾಕಿ ಕೂರಿಸ್ತಾರೆ, ಹೆಂಡತಿಗೆ ಕುರ್ಚಿ ಕೊಡಲ್ಲ. ತಂತಿ ಅಂದ್ರೆ ತಂತಿ ರೀ. ವಿದ್ಯುತ್ತಿಗೆ ಬೆಲೆ ಚೀಟಿ ಓದೋಕೆ ಬರತ್ತಾ?" ಎಂದು ಶುರುವಾದರೆ ಗಿರಾಕಿಗಳು ಬಂದ ಕೆಲಸ ಮರೆತು ನಗುತ್ತಿದ್ದರು. ಹಲಗೆಯ ಈ ಕಡೆ ನಾನೂ ನಗುತ್ತಿದ್ದೆ. ಅಕ್ಕ ಮಾತ್ರ ನಗುತ್ತಿರಲಿಲ್ಲ. "ದಿನಾ ಬೈಯೋದು ಯಾಕೆ? ಬೇಡ ಅಂದ್ರೆ ಬೇಡ ಅಂತ ಒಂದ್ಸಲ ಹೇಳಿದ್ರೆ ಸಾಲ್ದಾ?" ಎನ್ನುತ್ತಿದ್ದಳು.

ಹಲ್ಲಿನ ಡಾಕ್ಟರಿಗೆ ಸಂಗೀತದ ಹುಚ್ಚು. ಅವರ ಹಳೆಯ ರೆಕಾರ್ಡ್ ಪ್ಲೇಯರನ್ನು ಭಾವ ಎರಡು ಸಲ ರಿಪೇರಿ ಮಾಡಿದ್ದರು. ಅವರು ಭಾವನ ಒಂದು ದವಡೆ ಹಲ್ಲು ಉಳಿಸಿದ್ದರು. ಹೀಗೆ ಸ್ನೇಹ. ಆ ವರ್ಷ ಡಾಕ್ಟರು ತಮ್ಮ ಮನೆಯಲ್ಲಿ ಹಾಡು ಕೇಳುವುದಕ್ಕೆಂದೇ ಒಂದು ಕೋಣೆ ಸಿದ್ಧಮಾಡಿದರು. ಅದರ ಕಿಟಕಿಗಳಿಗೆ ದಪ್ಪ ಮಖಮಲ್ಲಿನ ಪರದೆ ಹೊಲಿದವಳು ನಾನು. ಪರದೆ ತೂಗುಹಾಕಲು ನಾನು ಹೊರಟ ದಿನವೇ ಡಾಕ್ಟರು ಭಾವನಿಗೂ ಹೇಳಿಕಳಿಸಿದರು: ಹೊಸ ತಂತಿ ಬಂದಿದೆ, ಬಂದು ಕೇಳಿ.

ಆ ಕೋಣೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಅಕ್ಕನ ಮನೆಯ ಎರಡೂ ಕೋಣೆ ಸೇರಿಸಿದರೆ ಅದಕ್ಕಿಂತ ಚಿಕ್ಕದು. ಗೋಡೆಗೆ ಮೆತ್ತನೆಯ ಹಲಗೆ, ನೆಲಕ್ಕೆ ಜಮಖಾನ, ಎದುರಿಗೆ ನನ್ನ ಭುಜದೆತ್ತರದ ಎರಡು ಸ್ಪೀಕರು. ನಟ್ಟನಡುವೆ ಚರ್ಮದ ಒಂದು ಕುರ್ಚಿ. ಒಂದೇ ಒಂದು. ನಾನು ಏಣಿಯ ಮೇಲೆ ನಿಂತು ಪರದೆಯ ಕೊಂಡಿ ಸಿಕ್ಕಿಸುತ್ತ ಆ ಕುರ್ಚಿಯನ್ನೇ ನೋಡುತ್ತಿದ್ದೆ. ಅಕ್ಕನ ಮಕ್ಕಳಿಬ್ಬರು ಊಟದ ಮೇಜಿನ ಎರಡು ತುದಿಯಲ್ಲಿ ಕೂತು ಓದುತ್ತಾರೆ, ಅವರಿಗೆ ತೊಂದರೆಯಾಗದಿರಲೆಂದು ಭಾವ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಇಯರ್‌ಫೋನಿನಲ್ಲಿ ಹಾಡು ಕೇಳುತ್ತಾರೆ. ಇಲ್ಲಿ ಒಬ್ಬ ಮನುಷ್ಯನ ಎರಡು ಕಿವಿಗೆ ಇಷ್ಟು ದೊಡ್ಡ ಕೋಣೆ. ನನ್ನ ಮೈ ಉರಿಯಿತು. ಆಗ ಅದಕ್ಕೆ ನಾನು ಬೇರೆ ಹೆಸರು ಕೊಟ್ಟುಕೊಂಡೆ: ನ್ಯಾಯ.

ಡಾಕ್ಟರು ತಂತಿಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದರು. ಕಪ್ಪು ನೂಲಿನ ಹೆಣಿಗೆಯ ಕವಚ, ಬೆರಳಿಗಿಂತ ದಪ್ಪ. "ನಾನೇ ಜೋಡಿಸಿದ್ದು. ಬೆವರು ತಾಗಬಾರ್ದು ಅಂತ ಕ್ಲಿನಿಕ್ಕಿನ ಗ್ಲೌಸ್ ಹಾಕ್ಕೊಂಡೆ" ಎಂದರು. ಒಂದು ಸಣ್ಣ ಕಾರಿನ ಬೆಲೆಯಂತೆ. ಭಾವನನ್ನು ಕುರ್ಚಿಯಲ್ಲಿ ಕೂರಿಸಿ ಒಂದು ಹಳೆಯ ಹಾಡಿನ ರೆಕಾರ್ಡ್ ಹಾಕಿದರು.

ಭಾವ ಕಣ್ಣು ಮುಚ್ಚಿ ಕೇಳಿದರು. ಒಂದು ಸಲ ತಲೆ ಎಡಕ್ಕೆ ವಾಲಿಸಿದರು, ಒಂದು ಸಲ ಬಲಕ್ಕೆ. ಹಾಡು ಮುಗಿಯಿತು.

"ಏನೋ ಸರಿ ಇಲ್ಲ ಡಾಕ್ಟ್ರೇ. ಹಾಡೋಳು ನಡುವೆ ನಿಂತಿಲ್ಲ. ಒಂದ್ಸಲ ಹಿಂದ್ಗಡೆ ತಂತಿ ನೋಡ್ಲಾ?"

ಡಾಕ್ಟರ ಮುಖ ಸಪ್ಪಗಾಯಿತು. "ತಂತಿ ಬಗ್ಗೆ ನೀವು ಮೊದ್ಲಿಂದ್ಲೂ ಹೀಗೇ. ಕೇಳೋಕೆ ಮುಂಚೆನೇ ತೀರ್ಪು ಬರ್ಕೊಂಡು ಬಂದಿರ್ತೀರಿ."

"ಇಲ್ಲ ಡಾಕ್ಟ್ರೇ, ಈಗ ಕೇಳಿದ್ದನ್ನೇ ಹೇಳ್ತಿದ್ದೀನಿ."

ಡಾಕ್ಟರು ಭಾವನ ಹೆಗಲ ಮೇಲೆ ಕೈಯಿಟ್ಟರು. ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ಚುಚ್ಚಿದ್ದು. "ಬೇಜಾರು ಮಾಡ್ಕೋಬೇಡಿ. ಹೊಟ್ಟೆಕಿಚ್ಚು ಅನ್ನೋದು ಸಹಜ. ದಿನಾ ಇದೇ ಕೆಲಸ ಮಾಡ್ತೀರಿ, ಇಂಥದ್ದು ಇಟ್ಕೊಳ್ಳೋಕೆ ಆಗಲ್ಲ. ನಿಮ್ಮ ಜಾಗದಲ್ಲಿ ನಾನಿದ್ರೂ ಹೀಗೇ ಮಾತಾಡ್ತಿದ್ದೆ."

ನಾನು ಏಣಿಯಿಂದ ಇಳಿದು, ಉಳಿದ ಕೊಂಡಿಗಳನ್ನು ಟೇಬಲ್ಲಿನ ಮೇಲೆ ಕುಕ್ಕಿ, "ಭಾವ, ನಡೀರಿ" ಎಂದೆ.

ದಾರಿಯುದ್ದಕ್ಕೂ ನಾನು ಡಾಕ್ಟರನ್ನು ಬೈದೆ. ಬೀದಿಯ ತಿರುವಿನಲ್ಲಿ ಭಾವ ನಿಂತು ಕೇಳಿದರು: "ನಿಜ ಹೇಳು. ನಂಗೆ ಹೊಟ್ಟೆಕಿಚ್ಚಾ?"

"ಛೇ! ನಿಮಗೆ ಯಾಕೆ?"

"ಇಷ್ಟು ವರ್ಷ ಬೈದಿದ್ದೀನಲ್ಲ. ನಂಗೆ ಇಷ್ಟ ಇಲ್ದೆ ಬೈದ್ನೋ, ಸಿಗ್ಲಿಲ್ಲ ಅಂತ ಬೈದ್ನೋ? ಹಾಡೋಳು ನಡುವೆ ಇರ್ಲಿಲ್ಲ ಅಂತ ನಂಗೆ ಕೇಳಿಸ್ತು. ಆದ್ರೆ ನಿಜವಾಗ್ಲೂ ಕೇಳಿಸ್ತೋ, ಕೇಳಿಸ್ಲಿ ಅಂತ ಆಸೆ ಇತ್ತೋ?"

ಸಮಸ್ಯೆ ಏನೆಂದು ನನಗೆ ಆಗ ಪೂರ್ತಿ ಅರ್ಥವಾಗಲಿಲ್ಲ. ಈಗ ಆಗುತ್ತದೆ. ಭಾವನ ಬದುಕು ನಿಂತಿದ್ದೇ ಆ ಎರಡು ಕಿವಿಗಳ ಮೇಲೆ. ಅವು ಹೊಟ್ಟೆಯ ಮಾತು ಕೇಳಿ ತೀರ್ಪು ಕೊಡುತ್ತಿವೆ ಎಂದಾದರೆ ಅವರ ಹತ್ತಿರ ಬೇರೇನೂ ಉಳಿಯುವುದಿಲ್ಲ. ದುಡ್ಡಿಲ್ಲದಿದ್ದರೆ ಮನುಷ್ಯ ಬದುಕುತ್ತಾನೆ. ತನ್ನ ಕೆಲಸದ ಬಗ್ಗೆ ತನ್ನ ಮಾತನ್ನೇ ತಾನು ನಂಬದೆ ಬದುಕುವುದು ನನ್ನ ಪ್ರಕಾರ ದೊಡ್ಡ ಬಡತನ.

ಆಮೇಲೆ ಒಂದು ತಿಂಗಳು ಹಲಗೆಯ ಆ ಕಡೆ ನಗುವೇ ಇಲ್ಲ. ಯಾರು ಏನು ತಂದು ತೋರಿಸಿದರೂ ಒಂದೇ ಉತ್ತರ: "ಚೆನ್ನಾಗಿದೆ." ನನ್ನ ಸೂಜಿ ಮೊಂಡಾದರೂ ಹೇಳುವವರಿಲ್ಲ, ಒಂದು ಕೋಟಿನ ಒಳಗಿನ ಅಸ್ತರು ಪೂರ್ತಿ ಎಳೆ ಕಿತ್ತುಕೊಂಡಿತು. ಅಷ್ಟರಲ್ಲಿ ನಿವೃತ್ತ ಬಸ್ ಡ್ರೈವರೊಬ್ಬರು ಬಂದರು. ಮನೆಯಲ್ಲಿ ಹಳೆಯ ಸೆಟ್ಟಿದೆ, ಆಡಿಯೋ ಅಂಗಡಿಯವರು ದಪ್ಪ ತಂತಿ ಹಾಕಿಸಿಕೊಳ್ಳಿ ಅಂತಿದ್ದಾರೆ, ಹಾಕಿಸಲೇ ಎಂದು ಕೇಳಿದರು. ಮೊದಲಿನ ಭಾವನಾಗಿದ್ದರೆ ಆ ಅಂಗಡಿಯವನ ಮರ್ಯಾದೆ ಬೀದಿಯಲ್ಲಿ ಹರಾಜಾಗುತ್ತಿತ್ತು. ಈ ಭಾವ, "ನಿಮಗೆ ಸರಿ ಅನ್ಸಿದ್ರೆ ತಗೊಳ್ಳಿ, ಒಳ್ಳೇದೇ ಇರತ್ತೆ" ಎಂದರು. ಡ್ರೈವರು ಹೋಗಿ ತೆಗೆದುಕೊಂಡರು.

ಅಂದು ಸಂಜೆ ನಾನೇ ಅಕ್ಕನಿಗೆ ಚಾಡಿ ಹೇಳಿದೆ. ಅವಳು ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಇಟ್ಟಳು.

"ನಿಮ್ಮನ್ನ ಯಾರೂ ಹೊಟ್ಟೆಕಿಚ್ಚಿನವ್ರು ಅನ್ಬಾರ್ದು ಅಂತ ಆ ಮನುಷ್ಯನಿಗೆ ಸುಳ್ಳು ಹೇಳಿದ್ರಾ?"

"ಸುಳ್ಳೋ ನಿಜಾನೋ ನಂಗೇ ಗೊತ್ತಿಲ್ವಲ್ಲ" ಎಂದರು ಭಾವ.

"ಗೊತ್ತಿಲ್ದಿದ್ರೆ ತೂಕ ಹಾಕಿ ನೋಡಿ. ನಮ್ಮ ಕೌಂಟರಲ್ಲಿ ಪಾರ್ಸಲ್ ತಂದವ್ರು ಎಲ್ಲ ಹಗುರ ಅಂತಾನೇ ಹೇಳ್ತಾರೆ. ನಾನು ಅವ್ರ ಮುಖ ನೋಡ್ತೀನಾ? ಹೊಟ್ಟೆಕಿಚ್ಚು ಬರೋದು ಕಣ್ಣಿಂದ. ಕಣ್ಣಿಗೆ ಕಾಣ್ದಂಗೆ ಇಟ್ಟು ಕಿವೀಲಿ ಕೇಳಿ. ದಪ್ಪ ತಂತಿ ಯಾವ್ದು, ಸಣ್ಣ ತಂತಿ ಯಾವ್ದು ಹೇಳಿ. ಆ ಡಾಕ್ಟ್ರೂ ಹೇಳ್ಲಿ."

ಅಕ್ಕ ವರ್ಷಕ್ಕೊಮ್ಮೆ ಇಷ್ಟು ಮಾತಾಡುತ್ತಾಳೆ. ಆಡಿದರೆ ಮನೆ ಹಾಗೇ ನಡೆಯುತ್ತದೆ. ಮರುದಿನ ಭಾವ ಮೆಟ್ಟಿಲು ಹತ್ತಿ ಡಾಕ್ಟರನ್ನು ಕೇಳಿದರು. ಡಾಕ್ಟರು ಒಪ್ಪಿದರು, ಅವರಿಗೂ ಗೆಲ್ಲುವ ಹುಮ್ಮಸ್ಸಿತ್ತು. ಒಂದೇ ಷರತ್ತು, ಅದು ಭಾವನದು: ತಾನು ಕೇಳಿದ್ದು ತಪ್ಪೆಂದಾದರೆ ಇನ್ನು ಮುಂದೆ ಅಂಗಡಿಯಲ್ಲಿ ಯಾವ ಸಾಮಾನಿನ ಬಗ್ಗೆಯೂ ಅಭಿಪ್ರಾಯ ಹೇಳುವುದಿಲ್ಲ, ಅಂಟು ಹಚ್ಚಿ ಕೊಡುವುದಷ್ಟೇ ತನ್ನ ಕೆಲಸ.

ಸ್ಪೀಕರು, ಆಂಪ್ಲಿಫೈಯರು ಎಲ್ಲವನ್ನೂ ಮರೆಮಾಡುವ ಪರದೆ ನಾನು ಹೊಲಿದೆ. ಮಖಮಲ್ಲು ಸದ್ದು ನುಂಗುತ್ತದೆ. ಅದಕ್ಕೆ ಸ್ಪೀಕರಿಗೆ ಹಾಕುವ ಬಟ್ಟೆಯನ್ನೇ ಆರು ಪಟ್ಟಿ ಜೋಡಿಸಿ ಗೋಡೆಯಿಂದ ಗೋಡೆಗೆ ಎಳೆಯುವಂತೆ ಮಾಡಿದೆ. ಭಾವ ಪಟ್ಟಿ ಪಟ್ಟಿಗೂ ಕಡ್ಡಿ ಗೀರಿ ಊದಿ ನೋಡಿದರು. ಭಾನುವಾರ ಮಧ್ಯಾಹ್ನ ಎಲ್ಲರೂ ಆ ಕೋಣೆಯಲ್ಲಿ ಸೇರಿದೆವು. ಡಾಕ್ಟರು ಅಡುಗೆಮನೆಯಿಂದ ಇನ್ನೂ ಎರಡು ಕುರ್ಚಿ ತಂದು ಹಾಕಿದ್ದರು. ಪರದೆಯ ಮುಂದೆ ಡಾಕ್ಟರು, ಭಾವ, ಅಕ್ಕ. ಪರದೆಯ ಹಿಂದೆ ನಾನು, ಡಾಕ್ಟರ ದಪ್ಪ ತಂತಿ, ಮತ್ತು ಭಾವನ ಅಂಗಡಿಯ ಟೇಬಲ್ ದೀಪಕ್ಕೆ ಹಾಕುವಂಥ ಸಾಧಾರಣ ತಂತಿ. ಅಕ್ಕ ಆರು ಚೀಟಿ ಬರೆದು ಮಡಚಿ ಕಲಸಿ ಕೊಟ್ಟಿದ್ದಳು, ಮೂರರಲ್ಲಿ ದಪ್ಪ, ಮೂರರಲ್ಲಿ ಸಣ್ಣ. ಒಂದೊಂದೇ ತೆರೆದು ಅದರಂತೆ ಜೋಡಿಸಬೇಕು. ಪ್ರತಿ ಸಲ ಅದೇ ಹಾಡಿನ ಅದೇ ಎರಡು ನಿಮಿಷ. ಯಾರೂ ಮಾತಾಡುವಂತಿಲ್ಲ, ಕಾಗದದಲ್ಲಿ ಬರೆಯಬೇಕು.

ಮೊದಲ ಚೀಟಿ ಸಣ್ಣ ತಂತಿಯದು. ಡಾಕ್ಟರ ದಪ್ಪ ತಂತಿಯನ್ನು ಬಿಚ್ಚಲು ಬಗ್ಗಿದೆ. ಪ್ರತಿ ತಂತಿಗೂ ಎರಡು ಬಾಲ, ಎರಡಕ್ಕೂ ಕಪ್ಪು ಕವಚ. ಗುರುತಿಗೆಂದು ಒಂದು ಬಾಲಕ್ಕೆ ಬಿಳಿ ನೂಲು ಸುತ್ತಿದ್ದರು, ಇನ್ನೊಂದಕ್ಕೆ ತಿಳಿ ಬೂದು ನೂಲು. ಆ ಮಂಕು ಬೆಳಕಿನಲ್ಲಿ ಬೇರೆಯವರಿಗೆ ಎರಡೂ ಒಂದೇ. ಮೂವತ್ತು ವರ್ಷ ನೂಲಿನುಂಡೆಗಳನ್ನು ಬಣ್ಣಕ್ಕೆ ಬಣ್ಣ ಹೊಂದಿಸಿಕೊಂಡು ಬದುಕಿದವಳು ನಾನು. ಎಡಗಡೆ ಸ್ಪೀಕರಿನ ಹಿಂದೆ ಪ್ಲಸ್ಸಿನ ಕೆಂಪು ಗುಬುಟಿಗೆ ಬಿಳಿ ನೂಲಿನ ಬಾಲವಿತ್ತು. ಬಲಗಡೆಯ ಕೆಂಪು ಗುಬುಟಿಗೆ ಬೂದು ನೂಲಿನದು.

ಗ್ಲೌಸ್ ಹಾಕಿಕೊಂಡು ಜೋಡಿಸಿದ ಡಾಕ್ಟರು ಒಂದು ಕಡೆ ತಿರುವುಮುರುವು ಮಾಡಿದ್ದರು. ಒಂದು ತಿಂಗಳಿಂದ ಆ ಚರ್ಮದ ಕುರ್ಚಿಯಲ್ಲಿ ಕೂತು ಚೆಲ್ಲಿಹೋದ ಹಾಡನ್ನೇ ಕೇಳುತ್ತಿದ್ದರು.

ಆ ಕ್ಷಣಕ್ಕೇ ಪರದೆ ಸರಿಸಿ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಡಾಕ್ಟರು "ಓ ಹೌದಾ" ಎಂದು ಸರಿಮಾಡಿಕೊಂಡು ಸುಖವಾಗಿರುತ್ತಾರೆ. ಹೇಳದಿದ್ದರೆ ಭಾವ ಗೆಲ್ಲುತ್ತಾರೆ, ಕಾರಿನ ಬೆಲೆಯ ತಂತಿ ಎಲ್ಲರೆದುರು ಮಣ್ಣು ಮುಕ್ಕುತ್ತದೆ. ಪರದೆಯ ಹಿಂದೆ ನನಗೆ ನಗು ತಡೆಯುವುದೇ ಕಷ್ಟವಾಯಿತು. ಯಾವ ಬಾಲ ಎಲ್ಲಿತ್ತೆಂದು ಮನಸ್ಸಿನಲ್ಲಿಟ್ಟುಕೊಂಡೆ. ಸಣ್ಣ ತಂತಿಯ ಸರದಿ ಬಂದಾಗ ಭಾವ ಹೇಳಿಕೊಟ್ಟ ಹಾಗೆ ನೆಟ್ಟಗೆ, ದಪ್ಪ ತಂತಿಯ ಸರದಿ ಬಂದಾಗ ಡಾಕ್ಟರು ಜೋಡಿಸಿದ್ದ ಹಾಗೇ ಬೂದು ಕೆಂಪಿಗೆ. ನಾನೇನೂ ಮೋಸ ಮಾಡುತ್ತಿಲ್ಲವಲ್ಲ, ಇದ್ದದ್ದನ್ನು ಇದ್ದ ಹಾಗೆ ಇಟ್ಟಿದ್ದೇನೆ ಎಂದು ಆರೂ ಸಲ ನನಗೆ ನಾನೇ ಹೇಳಿಕೊಂಡೆ.

ಕೊನೆಯಲ್ಲಿ ಅಕ್ಕ ಕಾಗದಗಳನ್ನು ನನ್ನ ಚೀಟಿಗಳ ಜೊತೆ ಇಟ್ಟು ನೋಡಿದಳು. ಕೌಂಟರಿನ ದನಿಯಲ್ಲೇ ಓದಿದಳು. "ಇವ್ರು ಮೂರು ಸಲ 'ಹಾಡೋಳು ನಡುವೆ ಇದ್ದಾಳೆ' ಅಂತ ಬರ್ದಿದ್ದಾರೆ. ಮೂರು ಸಲಾನೂ ಸಣ್ಣ ತಂತಿ. ಮೂರು ಸಲ 'ನಡುವೆ ಇಲ್ಲ.' ಮೂರು ಸಲಾನೂ ದಪ್ಪ ತಂತಿ. ಡಾಕ್ಟ್ರು ಮೂರು ಸಲ 'ಇದೇ ನನ್ನ ತಂತಿ, ಅದ್ಭುತ' ಅಂತ ಬರ್ದಿದ್ದಾರೆ." ಚೀಟಿಗಳನ್ನು ಇನ್ನೊಮ್ಮೆ ನೋಡಿದಳು. "ಅದು ಸಣ್ಣ ತಂತಿ."

ನಾನು ಪರದೆ ಸರಿಸಿ ಹೊರಗೆ ಬಂದೆ, ಆ ಮುಖವನ್ನು ನೋಡಲೇಬೇಕಿತ್ತು. ಡಾಕ್ಟರು ಬಾಯಿ ತೆರೆದು ಕೂತಿದ್ದರು, ಅವರ ಕ್ಲಿನಿಕ್ಕಿನ ಕುರ್ಚಿಯಲ್ಲಿ ನಾವು ಕೂರುವ ಹಾಗೆ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಏನ್ ಡಾಕ್ಟ್ರೇ? ಈಗ ಹೇಳಿ, ಹೊಟ್ಟೆಕಿಚ್ಚು ಯಾರಿಗೆ?" ಎಂದೆ.

ಡಾಕ್ಟರು ಎದ್ದು ಭಾವನ ಕಡೆ ಕೈ ಚಾಚಿದರು. "ನಾನು ಅವತ್ತು ಹಾಗೆ ಅನ್ಬಾರ್ದಾಗಿತ್ತು. ನಿಮ್ಮ ಕಿವಿ ದೊಡ್ಡದು. ನಿಮ್ಮ ತಂತಿನೇ ಗೆಲ್ತು, ಒಪ್ಕೊಂಡೆ."

ಭಾವ ಕೈ ಹಿಡಿಯಲಿಲ್ಲ. ಹುಬ್ಬು ಗಂಟಿಕ್ಕಿ ಕೂತೇ ಇದ್ದರು.

"ಇಲ್ಲ" ಎಂದರು. "ಇದು ಆಗಲ್ಲ."

"ಏನ್ ಆಗಲ್ಲ ಭಾವ? ಗೆದ್ರಲ್ಲ, ಏಳಿ, ಮನೆಗೆ ಹೋಗೋಣ." ನಾನು ಅವರ ತೋಳು ಹಿಡಿದು ಎಳೆದೆ.

"ಇರು. ಡಾಕ್ಟ್ರೇ, ಇಪ್ಪತ್ತು ವರ್ಷದಿಂದ ನಾನು ಹೇಳ್ತಿರೋದು ಒಂದೇ ಮಾತು, ತಂತಿ ಅಂದ್ರೆ ತಂತಿ, ವ್ಯತ್ಯಾಸ ಇಲ್ಲ ಅಂತ. ಈಗ ಆರಕ್ಕೆ ಆರೂ ಗೊತ್ತಾಯ್ತು. ನನ್ನ ತಂತಿ ಗೆದ್ರೆ ನನ್ನ ಮಾತು ಸೋತ ಹಾಗೆ. ನಿಮ್ಮ ತಂತಿ ಕೆಟ್ಟದ್ದು ಅಂತ ಇವತ್ತು ನಾನು ಒಪ್ಕೊಂಡು ಎದ್ದು ಹೋದ್ರೆ, ಅದೇ ಹೊಟ್ಟೆಕಿಚ್ಚು. ತಂತಿ ಇಷ್ಟು ಕೆಲಸ ಮಾಡಲ್ಲ. ಬೇರೆ ಏನೋ ಇದೆ."

ಜೇಬಿನಿಂದ ಸೆಲ್ ತೆಗೆದುಕೊಂಡು ಪರದೆಯ ಹಿಂದೆ ಹೋದರು. ಕೊನೆಯ ಚೀಟಿ ದಪ್ಪ ತಂತಿಯದಾಗಿತ್ತು; ಅದು ಇನ್ನೂ ಹಾಗೇ ಜೋಡಿಸಿತ್ತು. ಭಾವ ಸ್ಪೀಕರುಗಳ ಮುಂಭಾಗದ ಬಟ್ಟೆಯ ಚೌಕಟ್ಟು ಕಳಚಿಟ್ಟು, ತಂತಿಗಳ ಇನ್ನೊಂದು ತುದಿಯನ್ನು ಆಂಪ್ಲಿಫೈಯರಿನಿಂದ ಬಿಚ್ಚಿ, ಎಡಗಡೆಯದಕ್ಕೆ ಸೆಲ್ ಮುಟ್ಟಿಸಿದರು. ಕೋನು ಟಪ್ಪೆಂದು ಮುಂದೆ ಬಂತು. ಬಲಗಡೆಯದಕ್ಕೆ ಮುಟ್ಟಿಸಿದರು. ಟಪ್ಪೆಂದು ಹಿಂದೆ ಹೋಯಿತು. ಡಾಕ್ಟರು ಬಗ್ಗಿ ನೋಡುತ್ತಿದ್ದರು. ಭಾವ ಅವರಿಗೆ ಎರಡೇ ಮಾತಿನಲ್ಲಿ ವಿವರಿಸಿದರು. ಆಮೇಲೆ ತಂತಿಯ ಬಾಲಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೂಲು ನೋಡಿದರು. ಬಿಳಿ, ಬೂದು. ಬೂದು, ಬಿಳಿ.

ತಲೆ ಎತ್ತಿ ನನ್ನನ್ನು ನೋಡಿದರು.

"ಡಾಕ್ಟ್ರಿಗೆ ಇದು ಕಾಣ್ಸಿಲ್ಲ, ಸರಿ. ನಿಂಗೆ ಕಾಣ್ಸಿಲ್ವಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಯಾರೂ ಸಾಬೀತು ಮಾಡಲು ಬರುತ್ತಿರಲಿಲ್ಲ. ಆದರೆ ಆ ಮನುಷ್ಯ ಕೈಗೆ ಬಂದ ಗೆಲುವನ್ನು ಈಗಷ್ಟೇ ನನ್ನೆದುರೇ ಕೆಳಗಿಟ್ಟಿದ್ದರು. ಅವರ ಮುಖ ನೋಡಿಕೊಂಡು ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

"ಕಾಣ್ತು" ಎಂದೆ. "ಮೊದ್ಲನೇ ಚೀಟಿಗೇ ಕಾಣ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಡಾಕ್ಟರ ಕಡೆ ತಿರುಗಿದೆ. ನಾಚಿಕೆಯಿಂದ ಕಿವಿ ಕಾದಿತ್ತು, ಆದರೂ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆ. "ನೀವು ಅವತ್ತು ಹೊಟ್ಟೆಕಿಚ್ಚು ಅಂದಿದ್ದು ಸರಿನೇ ಡಾಕ್ಟ್ರೇ. ಅದು ಈ ಕೋಣೇಲಿ ಇತ್ತು. ಕುರ್ಚಿ ಮೇಲೆ ಇರ್ಲಿಲ್ಲ, ಏಣಿ ಮೇಲಿತ್ತು. ಇಷ್ಟು ದೊಡ್ಡ ಕೋಣೆ, ಒಂದೇ ಕುರ್ಚಿ. ನಮ್ಮಕ್ಕನ ಮನೆ ನೆನಪಾಯ್ತು. ತಡ್ಕೊಳ್ಳೋಕೆ ಆಗ್ಲಿಲ್ಲ."

ಅಕ್ಕ ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವಳ ಮನೆಯನ್ನು ನಾನು ಬಡಪಾಯಿ ಮಾಡಿ ಮಾತಾಡಿದ್ದು ಅವಳಿಗೆ ಸರಿಹೋಗಲಿಲ್ಲ. ಆ ವಿಷಯಕ್ಕೆ ಮನೆಗೆ ಹೋದ ಮೇಲೆ ಬೇರೆಯಾಗಿ ಬೈಸಿಕೊಂಡೆ. ಡಾಕ್ಟರು ಮಾತ್ರ ನಿಧಾನವಾಗಿ ನಗಲು ಶುರುಮಾಡಿದರು. "ಒಂದು ತಿಂಗಳು! ಎಲ್ರನ್ನೂ ಕರ್ದು ಕೂರಿಸಿ ಕೇಳಿಸಿದ್ದೀನಲ್ರೀ. ಒಬ್ರೂ ಹೇಳ್ಲಿಲ್ಲ. ಎಲ್ರೂ ಅದ್ಭುತ ಅಂದ್ರು. ಹೇಳಿದವ್ರು ಇವರೊಬ್ರು. ಇವರಿಗೆ ಹೊಟ್ಟೆಕಿಚ್ಚು ಅಂದೆ."

ಭಾವ ಬೂದು ಬಾಲವನ್ನು ಅದರ ಜಾಗಕ್ಕೆ ಜೋಡಿಸಿದರು. ಅಕ್ಕ ಮತ್ತೆ ಚೀಟಿ ಕಲಸಿದಳು, ಈ ಸಲ ಪರದೆಯ ಹಿಂದೆ ಅವಳೇ ಹೋದಳು, ನನ್ನ ಮೇಲೆ ನಂಬಿಕೆ ಉಳಿದಿರಲಿಲ್ಲ. ಆರು ಸಲ. ಡಾಕ್ಟರಿಗೆ ಎರಡು ಸರಿ, ಭಾವನಿಗೆ ಮೂರು. ಭಾವ ತಮ್ಮ ಕಾಗದದ ಕೆಳಗೆ "ಊಹೆ" ಎಂದು ಬರೆದು ಅಡಿಗೆರೆ ಎಳೆದಿದ್ದರು. ಒಂದು ತಿಂಗಳ ಮೇಲೆ ಅವರು ಹಲ್ಲು ಕಾಣುವಂತೆ ನಕ್ಕದ್ದು ಆಗಲೇ.

ಆಮೇಲೆ ಡಾಕ್ಟರು ಅದೇ ಹಾಡನ್ನು ಪೂರ್ತಿ ಹಾಕಿದರು. ಹಾಡುವವಳು ಎರಡು ಸ್ಪೀಕರಿನ ನಡುವೆ, ನಾನು ಹೊಲಿದ ಬಟ್ಟೆಯ ಹಿಂದೆ, ಆಳೆತ್ತರಕ್ಕೆ ನಿಂತಿದ್ದಳು. ಉಸಿರೆಳೆದದ್ದು ಕೂಡ ಕೇಳಿಸಿತು. ಭಾವನ ಕಣ್ಣು ತುಂಬಿತು. "ಡಾಕ್ಟ್ರೇ, ಈ ಸ್ಪೀಕರ್ ಬರೀ ಒಣ ಶೋಕಿ ಅಂತ ಅಂಗಡೀಲಿ ಎಷ್ಟೋ ಸಲ ಹೇಳಿದ್ದೀನಿ. ಅದು ತಪ್ಪು. ಇಂಥದ್ದನ್ನ ನನ್ನ ಕೈಲಿ ಮಾಡೋಕಾಗಲ್ಲ. ಇದು ನಂಗೂ ಬೇಕು ಅನ್ಸತ್ತೆ. ಆದ್ರೆ ತಂತಿ ವಿಷಯದಲ್ಲಿ ನಾನು ಹೇಳಿದ್ದೇ ಸರಿ." ಅದನ್ನು ಅವರು ಎದೆ ಉಬ್ಬಿಸಿಕೊಂಡೂ ಹೇಳಲಿಲ್ಲ, ಕುಗ್ಗಿಕೊಂಡೂ ಹೇಳಲಿಲ್ಲ. ನನ್ನ ಸೂಜಿ ಮೊಂಡಾಗಿದೆ ಎನ್ನುವ ದನಿಯಲ್ಲಿ ಹೇಳಿದರು.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಬಸ್ ಡ್ರೈವರ ಮನೆ ಹುಡುಕಿಕೊಂಡು ಹೋಗಿ, ತಾವು ಹೇಳಿದ್ದು ಸುಳ್ಳು, ತಂತಿ ವಾಪಸು ಕೊಟ್ಟುಬಿಡಿ ಎಂದು ಹೇಳಿ ಬಂದರು. ಅಂಗಡಿಯವನು ಗೊಣಗಿಕೊಂಡೇ ತೆಗೆದುಕೊಂಡನಂತೆ. ಡಾಕ್ಟರ ಕೋಣೆಯಲ್ಲಿ ಆ ಎರಡು ಅಡುಗೆಮನೆ ಕುರ್ಚಿ ಉಳಿದುಕೊಂಡವು. ತಿಂಗಳಿಗೊಂದು ಭಾನುವಾರ ಭಾವ, ಅಕ್ಕ ಹೋಗುತ್ತಾರೆ. ನನ್ನನ್ನೂ ಕರೆಯುತ್ತಾರೆ. ಎರಡು ಸಲ ಹೋಗಲಿಲ್ಲ, ಮೂರನೇ ಸಲ ಹೋದೆ. ಚರ್ಮದ ಕುರ್ಚಿಯನ್ನು ಡಾಕ್ಟರು ನನಗೇ ಬಿಟ್ಟುಕೊಟ್ಟರು. ಮೆತ್ತಗೆ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ.

ಭಾವನ ಬಾಯಿಗೆ ಮತ್ತೆ ಬ್ರೇಕಿಲ್ಲ. ಮೊನ್ನೆ ಯಾರೋ ಹೊಸಬರು ಬಂದು ಆಂಪ್ಲಿಫೈಯರಿನ ಮೇಲಿಡುವ ಕರಿಕಲ್ಲು ತೋರಿಸಿದರು. ಭಾವ ಕಲ್ಲನ್ನು ತಟ್ಟಿ, ತೂಗಿ, "ಬಾಗಿಲಿಗೆ ಅಡ್ಡ ಇಡೋಕೆ ಒಳ್ಳೇದು" ಎಂದರು. ಆ ಮನುಷ್ಯನಿಗೆ ಸಿಟ್ಟು ಬಂತು.

"ನಿಮಗೆ ಹೊಟ್ಟೆಕಿಚ್ಚು ಕಣ್ರೀ!"

"ಹೊಟ್ಟೆಕಿಚ್ಚಾ?" ಎಂದರು ಭಾವ ನೆಮ್ಮದಿಯಿಂದ. "ಅದು ನನ್ನ ಹತ್ರ ಇಲ್ಲ ಸ್ವಾಮಿ. ಪಕ್ಕದ ಅಂಗಡೀಲಿ ವಿಚಾರಿಸಿ."

ನಾನು ಮಿಷನ್ ನಿಲ್ಲಿಸಿ ಹಲಗೆಯ ಈ ಕಡೆಯಿಂದ ಕೂಗಿದೆ:

"ಇದೆ ಬನ್ನಿ! ಎಷ್ಟು ಮೀಟರ್ ಬೇಕು?"